ಮ್ಯೂಸಿಕ್ ವಿಡಿಯೊ ಪ್ರಾಜೆಕ್ಟ್: ಯಾವುದನ್ನು ನೋಡಿ ಕಟ್ ಮಾಡೋದು, ಯಾರನ್ನು ಹೇಗೆ ತೋರಿಸೋದು?

ಜನವರಿ ಬಂತೆಂದರೆ ನನ್ನ ಎಡಿಟಿಂಗ್ ರೂಮಿನ ಬಾಗಿಲಲ್ಲಿ ಚಪ್ಪಲಿ ಜಾಸ್ತಿ. ಹಾಸನದಲ್ಲಿ ಮದುವೆ, ಗೃಹಪ್ರವೇಶ, ನಾಮಕರಣದ ವಿಡಿಯೊ ಎಡಿಟ್ ಮಾಡೋದು ನನ್ನ ಕಸುಬು. ಹಾಸನ, ಚಿಕ್ಕಮಗಳೂರಿನ ಕಾಲೇಜುಗಳಲ್ಲಿ ಪತ್ರಿಕೋದ್ಯಮ ಓದುವ ಮಕ್ಕಳು ಸೆಮಿಸ್ಟರ್ ಪ್ರಾಜೆಕ್ಟ್ ಹಿಡ್ಕೊಂಡು ಇಲ್ಲಿಗೂ ಬರುತ್ತಾರೆ. ಹಾಡು ರೆಡಿ ಇರುತ್ತದೆ. ಕ್ಲಾಸಿನವನೇ ಒಬ್ಬ ಬರೆದು ಹಾಡಿರುತ್ತಾನೆ. ಫೋನ್ ಇದೆ, ಹುಮ್ಮಸ್ಸಿದೆ. ಪ್ರಶ್ನೆ ಮಾತ್ರ ಪ್ರತಿ ಸಲ ಒಂದೇ: "ಮೇಡಂ, ರೆಫರೆನ್ಸ್ ಯಾವುದು ಇಟ್ಕೊಳ್ಳೋದು?" ಅಂದರೆ ಯಾವುದನ್ನು ನೋಡಿ, ಮಾದರಿಯಾಗಿ ಇಟ್ಟುಕೊಂಡು ಮಾಡೋದು ಅಂತ.

ಒಬ್ಬ ಸಿನಿಮಾ ಹಾಡು ತೋರಿಸುತ್ತಾನೆ. ಇನ್ನೊಬ್ಬಳ ಫೋನಲ್ಲಿ ಕೊರಿಯಾದ ಪಾಪ್. ಮೂರನೆಯವನು "ಹಳೇಬೀಡಲ್ಲಿ ಮಾಡೋಣ" ಅಂತಾನೆ. ನಾಲ್ಕನೆಯವಳಿಗೆ ಅವಳ ಊರಿನ ಕಾಫಿ ತೋಟವೇ ಆಗಬೇಕು. ಎಲ್ಲರದ್ದೂ ಒಂದೊಂದು ಲೆಕ್ಕದಲ್ಲಿ ಸರಿ. ಆದರೆ ಯಾವುದು ನಿಮ್ಮ ಹಾಡಿಗೆ, ನಿಮ್ಮ ಜೇಬಿಗೆ, ನಿಮ್ಮ ಹತ್ತಿರ ಇರುವ ದಿನಗಳಿಗೆ ಹೊಂದುತ್ತದೆ ಅನ್ನೋದನ್ನು ಅಳೆದು ನೋಡಬೇಕು.

ಮೊದಲೇ ಒಂದು ಮಾತು. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಎಡಿಟಿಂಗ್‌ಗೆ ಒಂದು ಅಧ್ಯಾಯ, ರೆಪ್ರೆಸೆಂಟೇಶನ್‌ಗೆ, ಅಂದರೆ ಜನರನ್ನು ಹೇಗೆ ತೋರಿಸುತ್ತೀರಿ ಅನ್ನೋದಕ್ಕೆ, ಇನ್ನೊಂದು ಅಧ್ಯಾಯ ಅಂತ ಬರೆಯುತ್ತೀರಿ. ಸಾಫ್ಟ್‌ವೇರಿನಲ್ಲಿ ಶಾಟ್ ಜೋಡಿಸುವ ಟೈಮ್‌ಲೈನ್ ಮುಂದೆ ಕೂತಾಗ ಅವೆರಡೂ ಒಂದೇ ಕೆಲಸ. ಒಂದು ಮುಖವನ್ನು ನಾಲ್ಕು ಸೆಕೆಂಡ್ ಬಿಟ್ಟರೆ ಅವರು ಮನುಷ್ಯರಾಗಿ ಕಾಣುತ್ತಾರೆ. ಅದೇ ಮುಖವನ್ನು ಅರ್ಧ ಸೆಕೆಂಡಿಗೆ ಕತ್ತರಿಸಿದರೆ ಹಿನ್ನೆಲೆಯ ಗಿಡದ ಹಾಗೆ ಆಗುತ್ತಾರೆ. ಯಾರನ್ನು ಹೇಗೆ ತೋರಿಸುತ್ತೀರಿ ಅನ್ನೋದು ಎಲ್ಲಿ ಕಟ್ ಮಾಡುತ್ತೀರಿ ಅನ್ನೋದರಲ್ಲೇ ಇದೆ. ಕೆಳಗಿನ ಎಲ್ಲ ಹೋಲಿಕೆಯನ್ನೂ ನಾನು ಈ ಕಣ್ಣಿನಿಂದಲೇ ಮಾಡಿದ್ದೇನೆ.

ಅಳತೆಗೋಲು

ಯಾವ ರೆಫರೆನ್ಸ್ ಆದರೂ ಮೊದಲು ಅದನ್ನು ಬಿಚ್ಚಿ ನೋಡಲು ಬರಬೇಕು. ವಿಡಿಯೊವನ್ನು ಮ್ಯೂಟ್ ಮಾಡಿ ನೋಡಿ. ಒಂದೊಂದು ಕಟ್‌ಗೂ, ಅಂದರೆ ಶಾಟ್ ಬದಲಾದಾಗೆಲ್ಲ, ನೋಟ್‌ಬುಕ್ಕಲ್ಲಿ ಒಂದು ಗೀಟು ಎಳೆಯಿರಿ. ಪಕ್ಕದಲ್ಲಿ ಕ್ಲೋಸ್ (ಹತ್ತಿರದಿಂದ), ಮಿಡ್ (ಸೊಂಟದವರೆಗೆ), ವೈಡ್ (ಇಡೀ ಜಾಗ) ಅಂತ ಬರೆಯಿರಿ. ಒಂದು ನಿಮಿಷಕ್ಕೆ ಇಷ್ಟು ಮಾಡಲು ಅರ್ಧ ಗಂಟೆ ಹಿಡಿಯುತ್ತದೆ. ಆ ಅರ್ಧ ಗಂಟೆ ಕೊಡಲು ಮನಸ್ಸಿಲ್ಲ ಅಂದರೆ ಅದು ನಿಮ್ಮ ರೆಫರೆನ್ಸ್ ಅಲ್ಲ, ನಿಮಗೆ ಇಷ್ಟವಾದ ವಿಡಿಯೊ ಅಷ್ಟೇ.

ಎರಡನೆಯದು ಮುಖದ ಲೆಕ್ಕ. ಯಾರ ಮುಖ ಎಷ್ಟು ಸೆಕೆಂಡ್ ಇದೆ? ಯಾರು ಕ್ಯಾಮೆರಾ ಕಡೆ ನೋಡುತ್ತಾರೆ? ಯಾರನ್ನು ಬೆನ್ನಿನಿಂದ, ಸೊಂಟದಿಂದ, ಕೈಯಿಂದ ಮಾತ್ರ ತೋರಿಸಿದ್ದಾರೆ?

ಮೂರನೆಯದು ಹಾಡಿನ ಓಟ. ಇಲ್ಲಿ ಸ್ವಲ್ಪ ಗಣಿತ ಬೇಕು. ನಿಮ್ಮ ಹಾಡು ನಿಮಿಷಕ್ಕೆ 100 ಬೀಟ್, 4 ನಿಮಿಷ ಉದ್ದ ಅಂತಿಟ್ಟುಕೊಳ್ಳಿ. ಒಟ್ಟು 400 ಬೀಟ್. ನಾಲ್ಕಕ್ಕೆ ಒಂದು ಬಾರ್ ಅಂದರೆ 100 ಬಾರ್. ಒಂದು ಬೀಟ್ 0.6 ಸೆಕೆಂಡ್, ಫೋನಿನ ಸೆಕೆಂಡಿಗೆ 30 ಫ್ರೇಮಿನ ಲೆಕ್ಕದಲ್ಲಿ 18 ಫ್ರೇಮ್. ಪ್ರತಿ ಬಾರ್‌ಗೆ ಒಂದು ಕಟ್ ಅಂದರೆ 100 ಶಾಟ್ ಬೇಕು. ಎರಡು ಬಾರ್‌ಗೆ ಒಂದು ಅಂದರೆ 50 ಶಾಟ್ ಸಾಕು, ಒಂದೊಂದೂ 4.8 ಸೆಕೆಂಡ್. ಪ್ರತಿ ಬೀಟ್‌ಗೂ ಕಟ್ ಬೇಕು ಅಂದರೆ 400! ನಾನು ನೋಡಿದ ಹಾಗೆ ಹೊಸ ತಂಡಕ್ಕೆ ಒಂದು ದಿನಕ್ಕೆ ಬಳಸುವಂಥ ಶಾಟ್ ಸಿಗೋದು 25, 30. ಎರಡು ದಿನ ಶೂಟಿಂಗ್ ಅಂದರೆ ಲೆಕ್ಕ ನೀವೇ ಹಾಕಿ. ಎಷ್ಟೋ ತಂಡಗಳು ರೆಫರೆನ್ಸ್ ಆರಿಸುವಾಗಲೇ ಎಡವೋದು ಇಲ್ಲಿ.

ಹಾಡಿನ ಸಾಲಿಗೂ ಚಿತ್ರಕ್ಕೂ ಏನು ಸಂಬಂಧ ಅನ್ನೋದೂ ಇದರಲ್ಲೇ ಸೇರುತ್ತದೆ. ಆಂಡ್ರ್ಯೂ ಗುಡ್ವಿನ್ ಎಂಬ ವಿದ್ವಾಂಸರು 1992ರಲ್ಲಿ ಮ್ಯೂಸಿಕ್ ವಿಡಿಯೊ ಬಗ್ಗೆ ಬರೆಯುತ್ತಾ ಇದನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು. ಸಾಲು ಹೇಳಿದ್ದನ್ನೇ ಚಿತ್ರ ತೋರಿಸಬಹುದು. ಸಾಲಿಗೆ ಚಿತ್ರ ಹೊಸ ಅರ್ಥ ಸೇರಿಸಬಹುದು. ಅಥವಾ ಸಾಲು ಒಂದು ಕಡೆ, ಚಿತ್ರ ಇನ್ನೊಂದು ಕಡೆ ಹೋಗಬಹುದು. "ಮಳೆ" ಅಂದಾಗ ಮಳೆ ತೋರಿಸೋದು ಮೊದಲನೆಯದು. "ಮಳೆ" ಅಂದಾಗ ಕಣದಲ್ಲಿ ಹರಡಿದ ಕಾಫಿಯ ಮೇಲೆ ಟಾರ್ಪಾಲು ಎಳೆಯುವ ಕೈಗಳನ್ನು ತೋರಿಸೋದು ಎರಡನೆಯದು. ವಿದ್ಯಾರ್ಥಿಗಳಿಗೆ ಎರಡನೆಯದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಖರ್ಚಿಲ್ಲ, ಯೋಚನೆ ಮಾತ್ರ ಬೇಕು.

ನಾಲ್ಕನೆಯದು ದಿನ, ದುಡ್ಡು, ಜನ. ಐದನೆಯದು ವೈವಾ, ಅಂದರೆ ಪರೀಕ್ಷಕರು ಎದುರಿಗೆ ಕೂರಿಸಿ ಕೇಳುವ ಪ್ರಶ್ನೆ. "ಈ ಶಾಟ್ ಯಾಕೆ ಇಲ್ಲಿ ಕಟ್ ಆಯ್ತು?" ಅಂತ ಕೇಳಿದರೆ ನಿಮ್ಮ ರೆಫರೆನ್ಸ್ ಹಿಡಿದು ಉತ್ತರ ಕೊಡಲು ಬರಬೇಕು. "ಚೆನ್ನಾಗಿ ಕಾಣ್ತಿತ್ತು" ಅಂದರೆ ಮಾರ್ಕ್ಸ್ ಬರಲ್ಲ.

ಸಿನಿಮಾ ಹಾಡು

ಎಲ್ಲರಿಗೂ ಮೊದಲು ನೆನಪಾಗೋದು ಇದೇ. ನಮ್ಮ ಕಣ್ಣು ಪಳಗಿರೋದೇ ಸಿನಿಮಾ ಹಾಡಿನಲ್ಲಿ. ಪಲ್ಲವಿ, ಚರಣ, ನಡುವೆ ವಾದ್ಯದ ಬಿಜಿಎಂ ಅನ್ನುವ ಕಟ್ಟು ಗೊತ್ತೇ ಇದೆ. ಬಿಜಿಎಂ ಬಂದಾಗ ಜಾಗ ಬದಲಾಗುತ್ತದೆ, ಬಟ್ಟೆ ಬದಲಾಗುತ್ತದೆ, ಕಥೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹಾಡನ್ನು ಭಾಗ ಮಾಡಿ ಒಂದೊಂದು ಭಾಗಕ್ಕೂ ಬೇರೆ ಲಯ ಕೊಡೋದನ್ನು ಕಲಿಯಲು ಇದಕ್ಕಿಂತ ಸುಲಭದ ಪಾಠ ಸಿಗಲ್ಲ.

ಕಷ್ಟ ಇರೋದು ಖರ್ಚಿನಲ್ಲಿ. ಇತ್ತೀಚಿನ ಸಿನಿಮಾ ಹಾಡಿನ ಕಟ್ಟಿಂಗ್ ಹಿಂದೆ ಹಲವು ಕ್ಯಾಮೆರಾ, ನೃತ್ಯ ನಿರ್ದೇಶಕರು, ಹತ್ತಾರು ಟೇಕ್ ಇರುತ್ತವೆ. ಅದನ್ನು ಒಂದು ಫೋನಿನಲ್ಲಿ ತರಲು ಹೋದರೆ ಎಡಿಟ್ ಟೇಬಲ್ ಮೇಲೆ ಶಾಟ್ ಸಾಲದೆ ಒದ್ದಾಡುತ್ತೀರಿ. ಆಗ ಸ್ಲೋ ಮೋಷನ್ ತುಂಬುತ್ತೀರಿ. ಸ್ಲೋ ಮೋಷನ್ ತುಂಬಿದ ವಿಡಿಯೊ ನೋಡಿದ ತಕ್ಷಣ ನನಗೆ ಗೊತ್ತಾಗುತ್ತದೆ, ಇಲ್ಲಿ ಶಾಟ್ ಕಡಿಮೆ ಬಿದ್ದಿದೆ ಅಂತ. ಅದಕ್ಕೇ ಸಿನಿಮಾ ಹಾಡೇ ಬೇಕು ಅನ್ನುವವರಿಗೆ ಕಪ್ಪು ಬಿಳುಪು ಕಾಲದ ಹಾಡುಗಳನ್ನು ನೋಡಿ ಅನ್ನುತ್ತೇನೆ. ಶಾಟ್‌ಗಳು ಉದ್ದ. ಕಟ್ ಕಡಿಮೆ. ನಟಿ ಒಂದು ಸಾಲು ಪೂರ್ತಿ ಹಾಡಿ, ತಿರುಗಿ, ಕಂಬ ಹಿಡಿದು ನಿಲ್ಲುವವರೆಗೂ ಕ್ಯಾಮೆರಾ ಬಿಡಲ್ಲ. ಎರಡು ದಿನದ ಬಜೆಟ್ಟಿಗೆ ಒಪ್ಪುವ ವ್ಯಾಕರಣ ಅದು.

ಯಾರನ್ನು ಹೇಗೆ ತೋರಿಸುತ್ತಾರೆ ಅನ್ನೋದರಲ್ಲಿ ಹುಷಾರಾಗಿರಬೇಕು. ನಿಮ್ಮ ರೆಫರೆನ್ಸ್ ಹಾಡಿನ ಮೊದಲ 30 ಸೆಕೆಂಡ್ ತೆಗೆದುಕೊಳ್ಳಿ. ಹುಡುಗಿಯ ಮುಖ ಮೊದಲು ಬಂತಾ, ಸೊಂಟ, ಬೆನ್ನು, ತುಟಿ ಮೊದಲು ಬಂತಾ? ಹುಡುಗನ ಪರಿಚಯ ಹೇಗಾಯಿತು? 1975ರಲ್ಲಿ ಲಾರಾ ಮಲ್ವಿ ಎಂಬ ಬ್ರಿಟಿಷ್ ವಿಮರ್ಶಕಿ ಇದಕ್ಕೆ ಗಂಡುನೋಟ ಅನ್ನುವ ಅರ್ಥದ ಹೆಸರು ಕೊಟ್ಟರು. ಕ್ಯಾಮೆರಾ ನೋಡುವ ಗಂಡಸಿನ ಜಾಗದಲ್ಲಿ ನಿಂತಿರುತ್ತದೆ, ಹೆಣ್ಣು ನೋಡಿಸಿಕೊಳ್ಳುವ ಜಾಗದಲ್ಲಿ ಇರುತ್ತಾಳೆ ಅನ್ನೋದು ಅವರ ಮಾತಿನ ತಿರುಳು. ಸಿನಿಮಾ ಹಾಡಿನ ಕಟ್ಟಿಂಗ್ ಕಲಿಯುವಾಗ ಈ ನೋಟವೂ ಜೊತೆಯಲ್ಲೇ ಬಂದುಬಿಡುತ್ತದೆ. ನಿಮ್ಮ ಕ್ಲಾಸ್‌ಮೇಟ್ ಹುಡುಗಿಯನ್ನು ಅದೇ ಕಟ್ಟಿನಲ್ಲಿ ಕೂರಿಸಿದ ಮೇಲೆ ಅದು ಅರಿವಾದರೆ ತಡವಾಗಿರುತ್ತದೆ.

ರಾಪ್, ಇಂಡಿ, ಹೊರದೇಶದ ಪಾಪ್

ಇದನ್ನು ಬೇಗ ಮುಗಿಸುತ್ತೇನೆ. ಕನ್ನಡದ ಸ್ವತಂತ್ರ ಹಾಡುಗಾರರ ವಿಡಿಯೊಗಳು ನಿಮ್ಮ ಬಜೆಟ್ಟಿಗೆ ಹತ್ತಿರ. ಒಬ್ಬ ಹಾಡುಗಾರ, ಒಂದು ಬೀದಿ, ಒಂದು ಕ್ಯಾಮೆರಾ. ಜಂಪ್ ಕಟ್ ಕಲಿಯಲು ಅಲ್ಲಿಗೇ ಹೋಗಬೇಕು. ಅದೇ ಜಾಗದಲ್ಲಿ, ಅದೇ ಫ್ರೇಮಿನಲ್ಲಿ ಮೂರು ಸಲ ಹಾಡಿಸಿ, ತುಟಿ ತಪ್ಪದ ಹಾಗೆ ಜೋಡಿಸಿದರೆ ಓಟ ತಾನಾಗೇ ಬರುತ್ತದೆ. ತಮ್ಮ ಊರಿನ ಮಾತಿನಲ್ಲೇ ಹಾಡುತ್ತಾರಲ್ಲ, ಅದು ದೊಡ್ಡ ಶಕ್ತಿ.

ಆದರೆ ಅವರ ಬೀದಿಯನ್ನು ನೀವು ಎರವಲು ತರಬೇಡಿ. ಬೆಂಗಳೂರಿನ ಗಲ್ಲಿ, ಬೈಕು, ಹೊಗೆ ನೋಡಿ ಹಾಸನದ ಹುಡುಗರೂ ಹಾಗೇ ನಿಲ್ಲುತ್ತಾರೆ. ಕಟ್ಟಿನಕೆರೆ ಮಾರ್ಕೆಟ್ಟಿನ ಬೆಳಗಿನ ಜಾವ ಇದೆಯಲ್ಲ, ಟೊಮೆಟೊ ಕ್ರೇಟ್ ಇಳಿಸುವ ಸದ್ದು, ತೂಕದ ಕಟ್ಟೆ, ಟೀ ಅಂಗಡಿ ಆವಿ, ಅದು ಯಾವ ಗಲ್ಲಿಗೆ ಕಡಿಮೆ? ಹೊರದೇಶದ ಪಾಪ್ ಬಗ್ಗೆ ಇಷ್ಟೇ: ಬೀಟಿಗೆ ಸರಿಯಾಗಿ ಕಟ್ ಮಾಡೋದು, ಒಂದು ಆಕಾರದಿಂದ ಅದೇ ಆಕಾರದ ಇನ್ನೊಂದಕ್ಕೆ ಹಾರುವ ಮ್ಯಾಚ್ ಕಟ್ ಮಾಡೋದು ಅಲ್ಲಿ ಚೆನ್ನಾಗಿ ಸಿಗುತ್ತದೆ. ಗುಂಪು ನೃತ್ಯ ಇರುವುದನ್ನು ಮಾತ್ರ ವಾರಗಟ್ಟಲೆ ರಿಹರ್ಸಲ್ ಮಾಡಲು ಆಗದವರು ಮುಟ್ಟಬೇಡಿ.

ಹಳೇಬೀಡು, ಬೇಲೂರು

ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ನಮ್ಮ ಜಿಲ್ಲೆಯ ಮಕ್ಕಳು ಶಾಲೆ ಟ್ರಿಪ್ಪಿನಲ್ಲಿ ನೋಡಿ ಮರೆತಿರುತ್ತಾರೆ. ಎಡಿಟಿಂಗ್ ಕಲಿಯುವವರು ಮತ್ತೆ ಒಂದು ಸಲ ಹೋಗಬೇಕು. ಶೂಟ್ ಮಾಡಲು ಹೋಗಬೇಡಿ. ಪುರಾತತ್ವ ಇಲಾಖೆಯ ಸ್ಮಾರಕದಲ್ಲಿ ಶೂಟಿಂಗ್‌ಗೆ ಮೊದಲೇ ಅನುಮತಿ ಬೇಕು, ಪ್ರಾಜೆಕ್ಟಿನ ಅವಸರದಲ್ಲಿ ಅದು ಆಗುವ ಕೆಲಸವಲ್ಲ. ನೋಡಲು ಹೋಗಿ. ನೋಟ್‌ಬುಕ್ ತಗೊಂಡು ಹೋಗಿ.

ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆಯ ಮುಂದೆ ನಿಂತು ಕೆಳಗಿನಿಂದ ಮೇಲೆ ನೋಡಿ. ಮೊದಲ ಪಟ್ಟಿಯಲ್ಲಿ ಆನೆಗಳು. ಅದರ ಮೇಲೆ ಸಿಂಹ. ಆಮೇಲೆ ಬಳ್ಳಿ. ಆಮೇಲೆ ಕುದುರೆ ಸವಾರರು. ಮತ್ತೆ ಬಳ್ಳಿ. ಅದರ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆ. ಅದರ ಮೇಲೆ ಮಕರ, ಹಂಸ. ನಿಮ್ಮ ಎಡಿಟಿಂಗ್ ಸಾಫ್ಟ್‌ವೇರಿನ ಟೈಮ್‌ಲೈನ್ ನೆನಪಿಸಿಕೊಳ್ಳಿ. ಒಂದರ ಮೇಲೊಂದು ಟ್ರ್ಯಾಕ್! ಆನೆಗಳ ಪಟ್ಟಿ ತಾಳ. ಹೆಜ್ಜೆ ಹೆಜ್ಜೆಗೂ ಒಂದು ಆನೆ, ಎಲ್ಲೂ ನಿಲ್ಲದೆ. ಬಳ್ಳಿ ಅನ್ನೋದು ಎಳೆದು ಹಾಡುವ ಸ್ವರ. ಕಥೆಯ ಪಟ್ಟಿ ಮಾತ್ರ ಬೇರೆ ವೇಗದಲ್ಲಿ ಹೋಗುತ್ತದೆ. ಎಲ್ಲಿ ಯುದ್ಧವೋ ಅಲ್ಲಿ ರಥ, ಬಾಣ, ಜನ ಒತ್ತೊತ್ತಾಗಿ ತುಂಬಿರುತ್ತಾರೆ. ಬೇರೆ ಕಡೆ ಜಾಗ ಬಿಟ್ಟಿರುತ್ತಾರೆ. ಕೆಳಗಿನ ಬೀಟ್ ಬದಲಾಗದೆ ಮೇಲಿನ ಕಟ್ಟಿಂಗ್ ಹೇಗೆ ಬದಲಾಗಬಹುದು ಅನ್ನೋದಕ್ಕೆ ಸುಮಾರು 900 ವರ್ಷ ಹಳೆಯ ಉದಾಹರಣೆ ಇದು.

ಕಳೆದ ಸಲ ಹೋದಾಗ ಆನೆಗಳ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಹತ್ತು ಆನೆಗಳನ್ನು ಒಂದೊಂದಾಗಿ ನೋಡಿದೆ. ದೂರದಿಂದ ಎಲ್ಲ ಒಂದೇ. ಹತ್ತಿರದಿಂದ ಒಂದರ ಸೊಂಡಿಲು ಮುಂದಿನದರ ಬಾಲದ ಕಡೆ ಚಾಚಿದೆ, ಇನ್ನೊಂದು ಸೊಂಡಿಲು ಮಡಚಿದೆ, ಒಂದರ ತಲೆ ಸ್ವಲ್ಪ ತಗ್ಗಿದೆ. ತಾಳ ಒಂದೇ ಇದ್ದರೂ ಶಿಲ್ಪಿ ಒಂದೇ ಶಾಟನ್ನು ಕಾಪಿ ಪೇಸ್ಟ್ ಮಾಡಿಲ್ಲ. ನಿಮ್ಮ ಪಲ್ಲವಿ ಮೂರು ಸಲ ಬರುತ್ತದೆ ಅಲ್ವಾ? ಮೂರು ಸಲವೂ ಅದೇ ಶಾಟ್ ಹಾಕುತ್ತೀರಲ್ಲ, ಅವಾಗ ಈ ಆನೆಗಳನ್ನು ನೆನಪಿಸಿಕೊಳ್ಳಿ.

ಬೇಲೂರಿನಲ್ಲಿ ಪಾಠ ಬೇರೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನದಲ್ಲಿ ಮದನಿಕೆಯರು 42. ಹೊರಗೆ ಸೂರಿನ ಕೆಳಗೆ 38, ಒಳಗೆ ನಾಲ್ಕು. ಒಬ್ಬಳು ಕನ್ನಡಿ ನೋಡುತ್ತಿದ್ದಾಳೆ. ಒಬ್ಬಳು ವಾದ್ಯ ಬಾರಿಸುತ್ತಿದ್ದಾಳೆ. ಒಬ್ಬಳ ಸೀರೆ ಹಿಡಿದು ಕೋತಿ ಎಳೆಯುತ್ತಿದೆ. ಬಿಲ್ಲು ಹಿಡಿದವಳಿದ್ದಾಳೆ, ಕುಣಿಯುವವರಿದ್ದಾರೆ. ಗಂಡುನೋಟದ ಪ್ರಶ್ನೆ ಇಲ್ಲೂ ಕೇಳಬಹುದು, ಕೇಳಲೇಬೇಕು. ಆಭರಣ, ಸೊಂಟ, ಭಂಗಿ ಎಲ್ಲ ನೋಡುವವರಿಗಾಗಿ ಕೆತ್ತಿದ್ದು ಹೌದು. ಆದರೆ ಪ್ರತಿಯೊಬ್ಬಳಿಗೂ ಅವಳದೇ ಒಂದು ಕೆಲಸ ಇದೆ, ಅವಳದೇ ಒಂದು ಚೌಕಟ್ಟು ಇದೆ, ಅವಳ ಗಮನ ತನ್ನ ಕೆಲಸದ ಮೇಲಿದೆ. ನಿಮ್ಮ ವಿಡಿಯೊದ ಹುಡುಗಿಗೆ ಕೆಲಸ ಏನು? ಹಾಡುಗಾರನ ಹಿಂದೆ ನಡೆಯೋದಾ? ರಿಪೋರ್ಟಿನಲ್ಲಿ ಬರೆಯಲು ಒಂದು ಇಡೀ ಪುಟ ಇಲ್ಲಿ ಸಿಗುತ್ತದೆ.

ಖರ್ಚು? ಚಿಕ್ಕಮಗಳೂರಿನಿಂದ ಬೇಲೂರು ಸುಮಾರು 25 ಕಿಲೋಮೀಟರ್, ಅಲ್ಲಿಂದ ಹಳೇಬೀಡು ಸುಮಾರು 16. ಒಂದು ದಿನದಲ್ಲಿ ಎರಡನ್ನೂ ನೋಡಿ ಸಂಜೆ ಮನೆ ಸೇರಬಹುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಹುಡುಗಿಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡೂ ಇಲ್ಲ. ಈ ಆಯ್ಕೆಯ ಕೊರತೆ ಅಂದರೆ ಇದು ನೇರವಾಗಿ ಶಾಟ್ ಕೊಡಲ್ಲ. ಕಲ್ಲಿನಲ್ಲಿ ಕಂಡದ್ದನ್ನು ನೀವೇ ನಿಮ್ಮ ಹಾಡಿಗೆ ಬದಲಾಯಿಸಿಕೊಳ್ಳಬೇಕು. ಮೊದಲ ಸಲ ಕ್ಯಾಮೆರಾ ಹಿಡಿಯುವ ತಂಡಕ್ಕೆ ಅದು ಕಷ್ಟ.

ಸುಗ್ಗಿ, ವೀರಗಾಸೆ

ತಾಳ ಜೋರಾಗಿರುವ ಹಾಡಾದರೆ ಕುಣಿತ ನೋಡಿ ಕಲಿಯೋದು ತುಂಬ ಇದೆ. ವೀರಗಾಸೆಯಲ್ಲಿ ಕುಣಿತದ ನಡುವೆ ಕಥೆಯ ಸಾಲು ಹೇಳುತ್ತಾರಲ್ಲ, ಆ ಒಡಪಿನ ಹೊತ್ತಿಗೆ ವಾದ್ಯ ತಣ್ಣಗಾಗುತ್ತದೆ. ಗಂಟಲೊಂದೇ ಕೇಳುತ್ತದೆ. ಒಡಪು ಮುಗಿದ ಗಳಿಗೆಗೆ ಬಡಿತ ಬೀಳುತ್ತದೆ, ಕಾಲು ಏಳುತ್ತದೆ. ನಿಲ್ಲಿಸಿದ್ದಕ್ಕೇ ಆ ಬಡಿತಕ್ಕೆ ಅಷ್ಟು ಬಲ. ವಿದ್ಯಾರ್ಥಿ ವಿಡಿಯೊಗಳಲ್ಲಿ ಇಲ್ಲದೇ ಇರೋದು ಇದೇ, ನಿಲ್ಲುವ ಧೈರ್ಯ. ಹಾಡಿನ ನಡುವೆ ಎರಡು ಬಾರ್ ಕಟ್ ಇಲ್ಲದೆ ಬಿಟ್ಟು ನೋಡಿ, ಆಮೇಲೆ ಬರುವ ಕಟ್ ಎದೆಗೆ ತಾಗುತ್ತದೆ.

ಆದರೆ ಕುಣಿತದವರನ್ನು ನಾಲ್ಕು ಸೆಕೆಂಡಿನ ಬಣ್ಣವಾಗಿ ಬಳಸಬೇಡಿ. ಅವರ ಪಾಲಿಗೆ ಅದು ದೇವರ ಸೇವೆ. ಮಲೆನಾಡಿನ ಊರುಗಳ ಸುಗ್ಗಿಯಲ್ಲೂ ಹಾಗೇ, ಕಟ್ಟುಪಾಡು ಇರುತ್ತವೆ. ಊರಿನ ಹಿರಿಯರನ್ನು ಕೇಳದೆ ಕ್ಯಾಮೆರಾ ತೆಗೆಯಬೇಡಿ. ಬೇಡ ಅಂದರೆ ಬೇಡ. ಲಯ ಕಲಿಯಲು ಕಿವಿ ಸಾಕು.

ನಮ್ಮ ಸುತ್ತಲಿನ ಜನ

ಕಾಫಿ ತೋಟ, ಬಸ್‌ಸ್ಟ್ಯಾಂಡ್, ಸಂತೆ, ಹಾಸ್ಟೆಲ್, ಮನೆಯ ಅಂಗಳ. ಖರ್ಚು ಕಡಿಮೆ, ಅಪಾಯ ಜಾಸ್ತಿ ಇರುವ ಆಯ್ಕೆ ಇದು. ಅಪಾಯ ಅಂದರೆ ಜನರನ್ನು ತಪ್ಪಾಗಿ ತೋರಿಸುವ ಅಪಾಯ. ನನ್ನಿಂದಲೇ ಆದ ಒಂದು ತಪ್ಪನ್ನು ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ಗೆಳತಿಯ ಹಾಡಿಗೆ ಸಕಲೇಶಪುರದ ಕಡೆಯ ತೋಟವೊಂದರಲ್ಲಿ ಶೂಟ್ ಮಾಡಿದೆವು. ಡಿಸೆಂಬರ್, ಅರೇಬಿಕಾ ಕುಯ್ಲಿನ ಕಾಲ. ಮಂಜು, ಕೆಂಪು ಹಣ್ಣು, ತಲೆಗೆ ಟವೆಲ್ ಸುತ್ತಿದ ಹೆಂಗಸರು. ಹಣ್ಣು ಕೀಳುವ ಬೆರಳುಗಳ ಕ್ಲೋಸ್ ಅಪ್ ಎಷ್ಟು ಚೆನ್ನಾಗಿ ಬಂತೆಂದರೆ ಎಡಿಟಿನಲ್ಲಿ ಎಂಟು ಕಡೆ ಹಾಕಿದೆ. ಮುಗಿದ ಮೇಲೆ ತೋರಿಸೋಣ ಅಂತ ಕೆಲಸದವರು ಇರುವ ಲೈನ್ ಮನೆ ಹತ್ತಿರ ಹೋದೆ. ಅವರಲ್ಲಿ ಹಿರಿಯಾಕೆ ಒಬ್ಬರು ಫೋನನ್ನು ಮುಖದ ಹತ್ತಿರ ಹಿಡಿದು ಪೂರ್ತಿ ನೋಡಿದರು. ಮತ್ತೆ ಒಂದು ಸಲ ಹಾಕು ಅಂದರು. ಆಮೇಲೆ ಹೇಳಿದರು: "ನನ್ ಕೈ ಅದೆ, ನನ್ ಚೀಲ ಅದೆ. ನಾನೆಲ್ಲಿದೀನಿ ಮಗಾ?"

ಆ ರಾತ್ರಿ ಕೂತು ಸೆಕೆಂಡ್ ಲೆಕ್ಕ ಹಾಕಿದೆ. ಹಾಡುಗಾರ್ತಿಯ ಮುಖ ಎರಡು ನಿಮಿಷಕ್ಕೂ ಜಾಸ್ತಿ. ಕೆಲಸದವರು ಒಟ್ಟು 48 ಸೆಕೆಂಡ್, ಅದರಲ್ಲಿ ಮುಖ ಇದ್ದದ್ದು 3 ಸೆಕೆಂಡ್, ಅದೂ ಮಂಜಿನಲ್ಲಿ ಮಸುಕು. ಫುಟೇಜ್ ಹುಡುಕಿದೆ. ಅವರು ಸೊಂಟದ ಚೀಲದಿಂದ ಮೂಟೆಗೆ ಹಣ್ಣು ಸುರಿದು, ನೆಟ್ಟಗಾಗಿ, ಕ್ಯಾಮೆರಾ ಕಡೆ ನೋಡಿ ನಕ್ಕಿದ್ದ ಶಾಟ್ ಒಂದಿತ್ತು. ಫೋಕಸ್ ಸ್ವಲ್ಪ ತಪ್ಪಿದೆ ಅಂತ ಬಿಟ್ಟಿದ್ದೆ. ಅದನ್ನು 7 ಸೆಕೆಂಡ್ ಇಟ್ಟೆ, ಚರಣ ಮುಗಿದು ಪಲ್ಲವಿ ಶುರುವಾಗುವ ಜಾಗದಲ್ಲಿ, ಕಟ್ ಇಲ್ಲದೆ. ಬೆರಳಿನ ಶಾಟ್ ಎಂಟರಿಂದ ಎರಡಕ್ಕೆ ಇಳಿಸಿದೆ. ಹಾಡು ಮೊದಲಿಗಿಂತ ಚೆನ್ನಾಗಿ ಉಸಿರಾಡಿತು.

ಎಡಿಟಿಂಗ್ ಕ್ಲಾಸಿನಲ್ಲಿ ಕುಲೆಶೋವ್ ಪ್ರಯೋಗ ಓದಿರುತ್ತೀರಿ. ರಷ್ಯಾದ ನಿರ್ದೇಶಕ, ಸುಮಾರು 100 ವರ್ಷದ ಹಿಂದಿನ ಮಾತು. ಭಾವನೆ ತೋರದ ಒಂದೇ ಮುಖದ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ ಜೋಡಿಸಿದರೆ ನೋಡುವವರಿಗೆ ಒಮ್ಮೆ ಹಸಿವು, ಒಮ್ಮೆ ದುಃಖ ಕಾಣುತ್ತದೆ. ಇದನ್ನು ಮೋಜಿನ ಪಾಠವಾಗಿ ಓದಿ ಬಿಡಬೇಡಿ. ಬಸ್‌ಸ್ಟ್ಯಾಂಡಿನಲ್ಲಿ ಸುಮ್ನೆ ಕೂತ ಅಜ್ಜನ ಮುಖದ ಪಕ್ಕ ಬಾಟಲಿಯ ಶಾಟ್ ಹಾಕಿದರೆ ನೀವು ಅವರನ್ನು ಕುಡುಕ ಮಾಡಿದಿರಿ. ತೋಟಕ್ಕೆ ದೂರದ ಅಸ್ಸಾಂನಿಂದ ಕೆಲಸಕ್ಕೆ ಬಂದ ಹುಡುಗನ ಮುಖದ ಪಕ್ಕ ಬೇಲಿಯ ಶಾಟ್ ಹಾಕಿದರೆ ಅವನನ್ನು ಕಳ್ಳನ ಹಾಗೆ ಕಾಣಿಸಿದಿರಿ. ಅವರು ಏನೂ ಮಾಡಿರಲ್ಲ. ಮಾಡಿದ್ದು ನಿಮ್ಮ ಕಟ್.

ತೋಟದಲ್ಲಿ ಶೂಟ್ ಮಾಡುವವರಿಗೆ ಇನ್ನೂ ಕೆಲವು ಮಾತು. ಸಾಹುಕಾರರ ಅನುಮತಿ ಸಿಕ್ಕಿದರೆ ಸಾಲದು, ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರಿಗೂ ಹೇಳಬೇಕು, ಚಿತ್ರದಲ್ಲಿ ಬರುವವರನ್ನು ಒಬ್ಬೊಬ್ಬರನ್ನಾಗಿ ಕೇಳಬೇಕು. ಕುಯ್ಲಿನಲ್ಲಿ ಕೆಜಿ ಲೆಕ್ಕದ ಕೂಲಿ ಇದ್ದರೆ ನೀವು ನಿಲ್ಲಿಸುವ ಒಂದೊಂದು ನಿಮಿಷವೂ ಅವರ ದುಡ್ಡು. ಊಟದ ಹೊತ್ತಿನಲ್ಲೋ ಸಂಜೆ ತೂಕ ಹಾಕುವಾಗಲೋ ಶೂಟ್ ಮಾಡಿ. ತೂಕದ ಹೊತ್ತು ಚಿತ್ರಕ್ಕೂ ಒಳ್ಳೆಯದು, ಎಲ್ಲರ ಮುಖವೂ ಒಂದೇ ಕಡೆ ತಿರುಗಿರುತ್ತದೆ. ಕಾಫಿ ಹೂವು ಬೇಕು ಅನ್ನುವವರು ಮಾರ್ಚ್, ಏಪ್ರಿಲ್‌ನ ಹೂಮಳೆಗೆ ಕಾಯಬೇಕು. ಮಳೆ ಬಿದ್ದು ಒಂದು ವಾರ, ಹತ್ತು ದಿನಕ್ಕೆ ಹೂವು ಬಿಡುತ್ತದೆ, ಕೆಲವೇ ದಿನ ಇರುತ್ತದೆ. ಸಬ್‌ಮಿಶನ್ ಡೇಟಿಗೆ ಅದು ಕಾಯಲ್ಲ.

ಶೆಟ್ಟಿಹಳ್ಳಿ ಚರ್ಚ್ ಬಗ್ಗೆಯೂ ಕೇಳುತ್ತೀರಿ. ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಂತ ಗೋಡೆಗಳು ಚೆಂದವೇ. ಈಗ ಎಷ್ಟೊಂದು ಪ್ರೀ ವೆಡ್ಡಿಂಗ್ ವಿಡಿಯೊಗಳಲ್ಲಿ ಬಂದಿದೆ ಅಂದರೆ ಹೊಸದಾಗಿ ಏನೂ ಹೇಳಲ್ಲ. ಆ ನೀರಿಗೆ ಊರು ಬಿಟ್ಟುಕೊಟ್ಟವರ ಬಗ್ಗೆ ನಿಮ್ಮ ಹಾಡು ಇದ್ದರೆ ಖಂಡಿತ ಹೋಗಿ. ಬರೀ ವಿರಹಕ್ಕೆ ಹಿನ್ನೆಲೆ ಬೇಕು ಅಂದರೆ ಬಿಡಿ.

ಮನೆಯ ಆಲ್ಬಂ

ಕೊನೆಯದು, ಅತಿ ಕಡಿಮೆ ಖರ್ಚಿನದು. ಅಪ್ಪ ಅಮ್ಮನ ಮದುವೆ ಕ್ಯಾಸೆಟ್, ಹಳೆ ಫೋಟೊ, ಫೋನಿನ ಗ್ಯಾಲರಿ. ನೆನಪಿನ ಹಾಡಿಗೆ ಇದನ್ನು ಮೀರಿದ್ದು ಇಲ್ಲ. ಹಳೆ ಮದುವೆ ವಿಡಿಯೊದಲ್ಲಿ ಕ್ಯಾಮೆರಾದವರು ಸಾಲಾಗಿ ಕೂತವರ ಮೇಲೆ ನಿಧಾನಕ್ಕೆ ಹಾಯುತ್ತಿದ್ದರು, ಒಬ್ಬರನ್ನೂ ಬಿಡುತ್ತಿರಲಿಲ್ಲ. ಅಡುಗೆಯವರೂ ಬರುತ್ತಿದ್ದರು, ಪೆಂಡಾಲಿನವರೂ ಬರುತ್ತಿದ್ದರು. ಎಲ್ಲರಿಗೂ ಮುಖ ಕೊಡುವ ಆ ರೀತಿಯನ್ನು ನಾನು ಈಗಲೂ ಗೌರವಿಸುತ್ತೇನೆ. ಚಿತ್ರದಲ್ಲಿರುವವರ ಒಪ್ಪಿಗೆ ತಗೊಳ್ಳಿ, ತೀರಿಕೊಂಡವರಾದರೆ ಮನೆಯವರದ್ದು. ತುಂಬಾ ಎಫೆಕ್ಟ್ ಹಾಕಬೇಡಿ.

ಹಾಗಾದರೆ ಯಾವುದು?

ನನ್ನ ಲೆಕ್ಕ ಸರಳ. ಕಟ್ ಮಾಡೋದಕ್ಕೆ ಒಂದು ರೆಫರೆನ್ಸ್, ಜನರನ್ನು ತೋರಿಸೋದಕ್ಕೆ ಇನ್ನೊಂದು. ಮೂರನೆಯದು ಬೇಡ. ಮೂರಾದರೆ ತಂಡ ಮೂರು ದಿಕ್ಕಿಗೆ ಎಳೆಯುತ್ತದೆ.

ಎರಡು ದಿನ, ಒಂದು ಫೋನ್, ನಾಲ್ಕು ಜನ, ನಿಧಾನದ ಹಾಡು ಅಂದರೆ ಕಪ್ಪು ಬಿಳುಪು ಹಾಡಿನ ಉದ್ದ ಶಾಟ್ ಜೊತೆಗೆ ನಿಮ್ಮ ಸುತ್ತಲಿನ ಜನ. 50 ಶಾಟಿನಲ್ಲಿ ಮುಗಿಯುತ್ತದೆ. ರಾಪ್ ಆದರೆ ಇಂಡಿ ವಿಡಿಯೊದ ಜಂಪ್ ಕಟ್, ಜಾಗ ಮಾತ್ರ ಕಟ್ಟಿನಕೆರೆಯೋ ಚಿಕ್ಕಮಗಳೂರಿನ ಎಂಜಿ ರಸ್ತೆಯೋ, ನೀವು ದಿನಾ ಓಡಾಡುವ ಕಡೆ. ಕ್ಯಾಮೆರಾ ಮುಂದೆ ನಿಲ್ಲಲು ಯಾರೂ ಒಪ್ಪದಿದ್ದರೆ ಮನೆಯ ಆಲ್ಬಂ, ಜೊತೆಗೆ ಒಡಪಿನ ಹಾಗೆ ನಿಂತು ಬಡಿಯುವ ಲಯ. ರಿಪೋರ್ಟಿಗೆ ಮಾರ್ಕ್ಸ್ ಜಾಸ್ತಿ, ಬರೆಯುವವರು ತಂಡದಲ್ಲಿ ಚೆನ್ನಾಗಿದ್ದಾರೆ ಅಂದರೆ ಹಳೇಬೀಡು ಬೇಲೂರಿಗೆ ಒಂದು ದಿನ ಕೊಡಿ. ಅದು ವಾಪಸ್ ಬರುತ್ತದೆ. ಕುಣಿಯುವವರಿದ್ದಾರೆ, ಹದಿನೈದು ದಿನ ರಿಹರ್ಸಲ್‌ಗೆ ಜಾಗವೂ ಇದೆ ಅಂದರೆ ಮಾತ್ರ ಹೊಸ ಸಿನಿಮಾ ಹಾಡು ಅಥವಾ ಹೊರದೇಶದ ಪಾಪ್.

ಸ್ವಲ್ಪ ದುಡ್ಡು ಒಟ್ಟು ಮಾಡಿದ್ದೀರಿ, ಡ್ರೋನ್ ಬಾಡಿಗೆ ತರೋಣ ಅಂತೀರಿ. ಬೇಡ. ಆ ದುಡ್ಡಿನಲ್ಲಿ ಇನ್ನೊಂದು ದಿನ ಶೂಟಿಂಗ್ ಇಟ್ಟುಕೊಳ್ಳಿ. ಮೊದಲ ರಫ್ ಕಟ್ ಆದ ಮೇಲೆ ಏನು ಕಡಿಮೆ ಇದೆ ಅಂತ ಗೊತ್ತಾಗುತ್ತದೆ, ಅದನ್ನು ಮಾತ್ರ ಹೋಗಿ ತನ್ನಿ. ಸಾಫ್ಟ್‌ವೇರಿಗೂ ದುಡ್ಡು ಹಾಕಬೇಡಿ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಈ ಕೆಲಸಕ್ಕೆ ಸಾಕು. ಲ್ಯಾಪ್‌ಟಾಪ್ ಹಳೆಯದಾದರೆ ಫೋನಿನ ಎಡಿಟಿಂಗ್ ಆ್ಯಪ್ ಆದರೂ ಸರಿ, ಬೀಟಿಗೆ ಮಾರ್ಕ್ ಹಾಕಲು ಬಂದರೆ ಸಾಕು. ಸಿನಿಮಾದ ಹಾಡನ್ನೇ ಟ್ರ್ಯಾಕ್ ಆಗಿ ಬಳಸಿದರೆ ಯೂಟ್ಯೂಬಿಗೆ ಏರಿಸಿದಾಗ ಹಕ್ಕುದಾರರ ಕ್ಲೇಮ್ ಬರಬಹುದು. ಗೆಳೆಯನ ಹಾಡೇ ವಾಸಿ.

ಶೂಟಿಂಗ್‌ಗೆ ಹೋಗುವ ಮುಂಚೆ ಒಂದು ಸಂಜೆ ಈ ಕೆಲಸ ಮಾಡಿ. ಜಾಗಕ್ಕೆ ಹೋಗಿ, ಅಲ್ಲಿರುವವರನ್ನು ಕೇಳಿ, ಫೋನಿನಲ್ಲಿ ಒಂದಿಪ್ಪತ್ತು ಫೋಟೊ ತೆಗೆಯಿರಿ. ಹಾಡಿನ ಮೊದಲ ಒಂದು ನಿಮಿಷಕ್ಕೆ ಅವನ್ನು ಜೋಡಿಸಿ. ಒಂದೊಂದಕ್ಕೂ ಎಷ್ಟು ಬಾರ್ ಅಂತ ಬರೆದಿಡಿ. ಆಮೇಲೆ ಫೋಟೊದಲ್ಲಿರುವ ಯಾರಾದರೂ ಒಬ್ಬರಿಗೆ ಅದನ್ನು ತೋರಿಸಿ, ಏನೂ ಹೇಳದೆ ಅವರ ಮುಖ ನೋಡುತ್ತಾ ನಿಲ್ಲಿ. ಯಾವ ಶಾಟಿಗೆ ಅವರು ಫೋನನ್ನು ಕೈಗೆ ಇಸ್ಕೊಂಡು ಕಣ್ಣಿಗೆ ಹತ್ತಿರ ಹಿಡಿಯುತ್ತಾರೋ ಅದರ ಪಕ್ಕ ಒಂದು ಗುರುತು ಹಾಕಿ. ಆ ಶಾಟಿಗೆ ಇನ್ನೂ ಒಂದು ಬಾರ್ ಕೊಡಿ.